ಕುಸುಮಾ ಅಕ್ಕೋರನ್ನು ಹೊಗಳಿದ್ದು

ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಎಲೆಯ ಚೀಲ ಹಿಡಿದ ಹೆಂಗಸೊಬ್ಬಳು ಪಕ್ಕದ ಸೀಟಿಗೆ ಬಂದು ಕೂತರೆ ಸಾಕು, ನಾನು ಅರ್ಧ ದಾರಿಗೇ ನಮ್ಮ ಹಳೆಯ ಮನೆಯ ಹೊಸ್ತಿಲು ದಾಟಿರುತ್ತೇನೆ. ನೀರು ಚಿಮುಕಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಎಲೆಯ ಹಸಿ ವಾಸನೆ, ಅದರ ಜೊತೆಗೆ ತಂಬಾಕಿನ ಪುಡಿಯ ಘಾಟು, ಒಳಗಿನಿಂದ ತೇಲಿಬರುವ ಜೋಳದ ರೊಟ್ಟಿಯ ವಾಸನೆ. ಎರಡು ಖೋಲಿಯ ಹೆಂಚಿನ ಮನೆ ಅದು. ಮುಂದಿನ ಖೋಲಿಯ ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಮೂರು ಜನ ಹೆಂಗಸರು: ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ನನ್ನ ಅವ್ವ, ಮತ್ತು ಅಪ್ಪನ ತಂಗಿ ಅತ್ಯಾ. ಮೂವರೂ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೆಳಗಿನಿಂದ ದೀಪ ಹಚ್ಚುವವರೆಗೆ ಬೀಡಿ ಕಟ್ಟುತ್ತಿದ್ದರು. ಅಪ್ಪ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯಲು ಉಗಾರದ ಕಡೆ ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ಬರುತ್ತಿರಲಿಲ್ಲ. ಹಾಗಾಗಿ ಅದು ಹೆಂಗಸರ ಮನೆ, ಆಯಿಯ ಮಾತೇ ಅಲ್ಲಿ ಕೊನೆಯ ಮಾತು.

ಆ ಮನೆಯಲ್ಲಿ ಬಹಳ ವರ್ಷ ಒಂದು ನಂಬಿಕೆ ಇತ್ತು. ನಾನು ಬಾಯಿ ಬಿಟ್ಟು ಹೊಗಳಿದ್ದಕ್ಕೇ ನಮ್ಮ ಶಾಲೆಯಲ್ಲಿ ಕಲಿಸುತ್ತಿದ್ದ ಕುಸುಮಾ ಅಕ್ಕೋರು ಸತ್ತರು ಎಂಬ ನಂಬಿಕೆ. ಆಗ ನನಗೆ ಹನ್ನೆರಡು ತುಂಬಿ ಹದಿಮೂರು. ನಾನು ಅದನ್ನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಒಪ್ಪದೆ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಹೇಳಬೇಕಾದರೆ ಮೊದಲು ಆಯಿಯ ವಿಷಯ ಹೇಳಬೇಕು.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅಜ್ಜಿ ಇದ್ದಿರಬಹುದು, ಯಾವುದನ್ನೂ ಚೆನ್ನಾಗಿದೆ ಎನ್ನದವಳು. ಕೂಸು ಗುಂಡಗುಂಡಗೆ ಇದ್ದರೆ "ಏನ ಸೊರಗೈತಿ ನೋಡು" ಎನ್ನುವವಳು. ಅನ್ನ ರುಚಿಯಾಗಿದ್ದರೆ ಸುಮ್ಮನೆ ಇನ್ನೊಂದು ತುತ್ತು ಹಾಕಿಸಿಕೊಳ್ಳುವವಳು. ನಮ್ಮ ಆಯಿಗೆ ಇದು ಬರೀ ಮಾತಿನ ಚಾಳಿಯಾಗಿರಲಿಲ್ಲ, ಭಯವಾಗಿತ್ತು. ಅವಳ ಮೊದಲ ಮಗಳನ್ನು ಓಣಿಯ ಹೆಂಗಸರೆಲ್ಲ ಗೊಂಬೆಯಂಥ ಹುಡುಗಿ ಎಂದು ಎತ್ತಿ ಆಡಿಸಿದ್ದರಂತೆ, ಮೂರನೆಯ ದಿನಕ್ಕೆ ಜ್ವರ ಬಂದು ಮಗು ಹೋಯಿತಂತೆ. ಅಂದಿನಿಂದ ಆಯಿಯ ಪ್ರಕಾರ ಹೊಗಳಿಕೆ ಎಂದರೆ ನೆದರು, ಕೆಟ್ಟ ಕಣ್ಣು. ಅದಕ್ಕೆ ಸರಿಯಾಗಿ ಅವಳ ಕೆಲಸವೂ ಅಂಥದ್ದೇ. ಕಟ್ಟಿದ ಬೀಡಿಯನ್ನು ಬುಟ್ಟಿಯಲ್ಲಿ ಹೊತ್ತು ಕಾರ್ಖಾನೆಗೆ ಒಯ್ದರೆ ಅಲ್ಲಿ ಕೂತ ಚೆಕರ್ ಒಂದೊಂದೇ ಕಟ್ಟನ್ನು ಹಿಚುಕಿ ನೋಡುತ್ತಿದ್ದ. ಸಡಿಲಾದದ್ದನ್ನು, ಎಲೆ ಹರಿದದ್ದನ್ನು ಬೈದು ಬದಿಗೆ ಎಸೆಯುತ್ತಿದ್ದ. ಚೆನ್ನಾಗಿದ್ದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಅಂವ ಸುಮ್ಮ ಕುಂತಾನಂದ್ರ ಮಾಲ ಚೊಲೊ ಐತಿ ಅಂತ ತಿಳಕೋಬೇಕು" ಎನ್ನುತ್ತಿದ್ದಳು ಆಯಿ. ನಲವತ್ತು ವರ್ಷ ಬೀಡಿ ಕಟ್ಟಿದವಳಿಗೆ ಯಾರೂ ಒಂದು ಸಲವೂ ಒಳ್ಳೆಯ ಮಾತು ಆಡಿರಲಿಲ್ಲ. ಹಾಗೆ ಆಡದಿರುವುದೇ ಕ್ಷೇಮ ಎಂದು ಅವಳು ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದಳು.

ಇಂಥ ಮನೆಗೆ ಕುಸುಮಾ ಅಕ್ಕೋರ ಕೈಬರಹ ಬಂತು. ಅವರು ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿನವರು. ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದು, ನಮ್ಮ ಓಣಿಯ ಕೊನೆಯಲ್ಲಿ ಒಂದು ಖೋಲಿ ಹಿಡಿದುಕೊಂಡಿದ್ದರು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಎತ್ತರದ ಜೀವ, ನಡೆಯುವಾಗ ಒಂದು ಭುಜ ಸ್ವಲ್ಪ ಮುಂದೆ, ಮಾತು ಮಾತ್ರ ಮೆತ್ತಗೆ. ಮರಾಠಿ ಮಾತಾಡುವ ಮನೆಯ ಹುಡುಗರು ಕನ್ನಡದಲ್ಲಿ ತಡವರಿಸಿದರೆ ನಗುತ್ತಿರಲಿಲ್ಲ, ಬೇರೆಯವರನ್ನು ನಗಲು ಬಿಡುತ್ತಲೂ ಇರಲಿಲ್ಲ. ನೋಟಬುಕ್ಕು ತಿದ್ದಿದ ಮೇಲೆ ಪುಟದ ಕೆಳಗೆ ಒಂದು ಸಾಲು ಬರೆಯುವುದು ಅವರ ರೂಢಿ. ಉಳಿದ ಮಾಸ್ತರರ ಹಾಗೆ ಬರೀ ಗೀಟು ಎಳೆದು ಸಹಿ ಮಾಡುತ್ತಿರಲಿಲ್ಲ. ನನ್ನ ನಿಬಂಧದ ಕೆಳಗೆ ಮೊದಲ ಸಲ ಅವರು ಬರೆದದ್ದು ಇದು: "ನೀನು ಬರೆದ ಮಳೆಯಲ್ಲಿ ನಾನೂ ತೊಯ್ದೆ. ಬರೆಯುತ್ತಿರು."

ನಾನು ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮೂರೂ ಮೊರಗಳು ನಿಂತುಹೋದವು. ಅವ್ವ ಬೆರಳಿಗೆ ಸುತ್ತಿದ ದಾರವನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. ಆಯಿ ಎದ್ದು ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಮೂರು ಒಣಮೆಣಸಿನಕಾಯಿ ಹಿಡಿದು ಬಂದಳು. ನನಗೆ ನಿವಾಳಿಸುತ್ತಾಳೆ ಎಂದುಕೊಂಡರೆ ನೋಟಬುಕ್ಕಿಗೆ ನಿವಾಳಿಸಿದಳು. ಆ ಪುಟವನ್ನು ತೆರೆದಿಟ್ಟು, ಮೂರು ಸಲ ಸುತ್ತಿಸಿ, ಉಫ್ ಎಂದು ಊದಿ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು. ಅತ್ಯಾ ನಕ್ಕು ನಕ್ಕು ಸುಸ್ತಾದಳು. "ಆಯಿ, ಬುದ್ಧ ನೋಡಾಕತ್ತಾನ" ಎಂದು ಅವ್ವ ಮೆಲ್ಲಗೆ ಹೇಳಿದ್ದಕ್ಕೆ, "ನೋಡ್ಲಿ ಬಿಡು, ಅಂವಗೂ ಮಗ ಇದ್ದನಲ್ಲ" ಎಂದಳು ಆಯಿ. ಆ ವರ್ಷವೆಲ್ಲ ನನ್ನ ನೋಟಬುಕ್ಕುಗಳಿಗೆ ತಂಬಾಕಿನ ಜೊತೆಗೆ ಉಪ್ಪಿನ ಹರಳೂ ಅಂಟಿಕೊಂಡಿರುತ್ತಿತ್ತು.

ಫೆಬ್ರುವರಿ ಮುಗಿಯುವ ಹೊತ್ತಿಗೆ ಅಕ್ಕೋರು ಒಂದು ದಿನ, ಕ್ಲಾಸು ಖಾಲಿಯಾದ ಮೇಲೆ, ನನ್ನ ಪುಸ್ತಕ ವಾಪಸು ಕೊಡುತ್ತ ಹೇಳಿದರು: "ಮುಂದಿನ ವರ್ಷ ನಾ ಬರೂದಿಲ್ಲವ್ವಾ. ಅತಿಥಿ ಅಂದ್ರ ಮಾರ್ಚಿನ ತನಕ ಅಷ್ಟ. ಮನ್ಯಾಗೂ ಸಾಕ ಬಿಡು ಅನ್ನಾಕತ್ತಾರ. ನಾ ಕಲಿಸಿದ್ದು ಯಾರಿಗರ ಮುಟ್ಟೈತೊ ಇಲ್ಲೊ, ಅದೂ ಗೊತ್ತಿಲ್ಲ." ಅವರು ಅತ್ತೂ ಹೇಳಲಿಲ್ಲ, ದೂರಿಯೂ ಹೇಳಲಿಲ್ಲ, ಮಳೆ ಬರಬಹುದು ಎಂಬಂತೆ ಹೇಳಿದರು. ಎಲ್ಲರ ಪುಸ್ತಕದ ಕೆಳಗೂ ಒಂದೊಂದು ಸಾಲು ಬರೆದ ಹೆಂಗಸು, ತನಗಾಗಿ ಒಂದು ಸಾಲೂ ಇಲ್ಲದೆ ಬಸ್ಸು ಹತ್ತಿ ಹೋಗುತ್ತಾರಲ್ಲ ಎನ್ನಿಸಿತು. ಹೋಗುವ ಮೊದಲು ಅವರಿಗೆ ಹೇಳಲೇಬೇಕು ಎಂದು ಅಲ್ಲೇ ಹಟ ಹಿಡಿದೆ.

ಮಾರ್ಚಿನಲ್ಲಿ ನಮ್ಮ ಏಳನೆಯ ತರಗತಿಯ ಬೀಳ್ಕೊಡುಗೆ, ಅದೇ ದಿನ ಹೆಡ್‌ಮಾಸ್ತರರ ನಿವೃತ್ತಿಯ ಸತ್ಕಾರ. ನಮ್ಮ ಕಡೆ ಸತ್ಕಾರವೆಂದರೆ ಶಾಲು, ತೆಂಗಿನಕಾಯಿ, ತಲೆಗೆ ಕೇಸರಿ ಫೇಟಾ. ಭಾಷಣಕ್ಕೆ ನನ್ನನ್ನು ಆರಿಸಿದ್ದರು. ಪಿ.ಟಿ. ಮಾಸ್ತರರು ಒಂದು ಹಾಳೆ ಕೊಟ್ಟರು. ಪ್ರತಿ ಸಲ ಯಾರು ನಿವೃತ್ತರಾದರೂ ಅದೇ ಹಾಳೆಯಂತೆ, ಹಿಂದಿನವರ ಹೆಸರು ಹೊಡೆದು ಮೇಲೆ ಹೊಸ ಹೆಸರು ಬರೆದಿತ್ತು. ಜ್ಞಾನದ ಸಾಗರ, ಕರುಣೆಯ ಕಡಲು, ಇನ್ನೂ ಏನೇನೋ. ನಾನು ಕುಸುಮಾ ಅಕ್ಕೋರ ಬಗ್ಗೆಯೂ ಎರಡು ಮಾತು ಆಡಲೇ ಎಂದು ಕೇಳಿದೆ. "ಅವರು ಅತಿಥಿ. ಸ್ಟಾಫಿನ್ಯಾಗ ಬರೂದಿಲ್ಲ. ಬರದ ಕೊಟ್ಟಿದ್ದಷ್ಟ ಓದು, ಶಾಣ್ಯಾತನ ಮಾಡಬ್ಯಾಡ" ಎಂದರು. ಮನೆಗೆ ಬಂದು ಹೇಳಿದರೆ ಆಯಿ ಮಾಸ್ತರರಿಗಿಂತ ಮೇಲು. "ಮಂದಿ ಮುಂದ ಹೊಗಳತಿ? ಆ ಹುಡುಗಿ ಇನ್ನೂ ಮದುವಿ ಆಗಿಲ್ಲ, ಊರ ಕಣ್ಣ ಬೀಳತಾವು. ಅಕಿ ಮ್ಯಾಲ ಪ್ರೀತಿ ಇದ್ರ ಸುಮ್ಮ ಇರು." ಮರುದಿನ ಅವ್ವ ನನ್ನ ಜಡೆ ಹಾಕುವಾಗ ಎಂದಿಗಿಂತ ಬಿಗಿಯಾಗಿ ಹೆಣೆದು, "ಹೇಳೂದಿದ್ರ ತೊದಲಬ್ಯಾಡ" ಎಂದಳು.

ಅಂಗಳದಲ್ಲಿ ಪೆಂಡಾಲು. ಮುಂದೆ ಊರಿನ ಹಿರಿಯರು, ಹಿಂದೆ ಹೆಂಗಸರು, ಅವರಲ್ಲಿ ನಮ್ಮ ಆಯಿಯೂ ಇದ್ದಳು. ಮಾಸ್ತರರೆಲ್ಲ ವೇದಿಕೆಯ ಮೇಲೆ. ಕುಸುಮಾ ಅಕ್ಕೋರು ಮಾತ್ರ ಕೆಳಗೆ, ಬದಿಯಲ್ಲಿ, ಬಂದವರಿಗೆ ಚಹಾ ಕೊಡುವ ಕೆಲಸದಲ್ಲಿದ್ದರು. ನಾನು ಹಾಳೆಯನ್ನು ತಪ್ಪಿಲ್ಲದೆ ಓದಿದೆ. ಚಪ್ಪಾಳೆ ಬಿತ್ತು. ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು, ಮೈಕು ಬಿಡದೆ, ಮನೆಯ ಮಾತಿನಲ್ಲೇ ಶುರುಮಾಡಿದೆ.

"ನಮ್ಮ ಮನ್ಯಾಗ ಬೀಡಿ ಕಟ್ಟತಾರ. ನನ್ನ ಪುಸ್ತಕಕ್ಕ ತಂಬಾಕಿನ ವಾಸನಿ ಹೊಡಿತೈತಿ. ಎಲ್ಲಾರೂ ಅದನ್ನ ಎರಡ ಬೆರಳಿಲೆ ಹಿಡಿತಿದ್ರು. ಕುಸುಮಾ ಅಕ್ಕೋರು ಅದನ್ನ ತೊಡಿ ಮ್ಯಾಲ ಇಟಗೊಂಡ ಓದತಾರ. ಓದಿ ಒಂದ ಒಳ್ಳೆ ಮಾತ ಬರೀತಾರ. ನಮ್ಮ ಮನಿತನದಾಗ ಯಾರಿಗೂ ಯಾರೂ ಹಂತಾ ಮಾತ ಆಡಿದ್ದಿಲ್ಲ. ಅಕ್ಕೋರ, ನೀವ ಕಲಿಸಿದ್ದು ಮುಟ್ಟೈತಿ. ನನಗ ಮುಟ್ಟೈತಿ. ನೀವ ಭಾಳ ಚೊಲೊ ಕಲಿಸ್ತೀರಿ."

ಇನ್ನೂ ಹೇಳುವುದಿತ್ತು. ಪಿ.ಟಿ. ಮಾಸ್ತರರು ಮೈಕಿನ ಗುಂಡಿ ಒತ್ತಿದರು. ನನ್ನ ದನಿ ಅರ್ಧಕ್ಕೆ ಸಣ್ಣದಾಯಿತು. ಆದರೆ ಕೇಳಬೇಕಾದವರಿಗೆ ಅಷ್ಟರಲ್ಲಿ ಕೇಳಿಸಿತ್ತು. ಅಕ್ಕೋರು ಚಹಾದ ಕಿಟ್ಲಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು, ಕಪ್ಪು ತುಂಬಿ ಬಸಿಯೂ ತುಂಬಿ ಯಾರದೋ ಧೋತರದ ಮೇಲೆ ಸುರಿಯುತ್ತಿತ್ತು. ಆ ಹಿರಿಯರು ಹಾರಿಬಿದ್ದರು. ಅಕ್ಕೋರು ಕ್ಷಮೆ ಕೇಳುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು. ಅಷ್ಟು ತೃಪ್ತಿಯ ಮುಖವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಆ ಸಂಜೆ ಆಯಿ ನನ್ನನ್ನು ಬೈಯಲಿಲ್ಲ. ಉಪ್ಪು ಮೆಣಸಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು, ನನ್ನನ್ನು ಎಳೆದುಕೊಂಡು, ಅಕ್ಕೋರ ಖೋಲಿಗೆ ಹೋದಳು. ಟ್ರಂಕು ತುಂಬುತ್ತಿದ್ದ ಅವರನ್ನು ಚಾಪೆಯ ಮೇಲೆ ಕೂರಿಸಿ, ಅಡಿಯಿಂದ ಮುಡಿಯವರೆಗೆ ನಿವಾಳಿಸಿ, ಅವರದೇ ಒಲೆಗೆ ಹಾಕಿದಳು. ನೆದರು ಇಲ್ಲದಿದ್ದರೆ ಮೆಣಸಿನಕಾಯಿ ಸುಟ್ಟ ಘಾಟಿಗೆ ಕೆಮ್ಮು ಬರಬೇಕು, ನೆದರು ಹತ್ತಿದ್ದರೆ ಘಾಟು ಬರುವುದಿಲ್ಲ ಎಂಬುದು ಲೆಕ್ಕ. ಘಾಟು ಬರಲಿಲ್ಲ. ಆಯಿಯ ಮುಖ ಇಳಿದುಹೋಯಿತು. ಮೆಣಸಿನಕಾಯಿ ಒದ್ದೆಯಾಗಿತ್ತು ಎಂದು ನಾನು ಈಗಲೂ ಆಣೆ ಮಾಡಿ ಹೇಳುತ್ತೇನೆ, ಎಲೆ ನೆನೆಸುವ ಒದ್ದೆ ಕೈಯಲ್ಲೇ ಅವಳು ಅದನ್ನು ತಂದಿದ್ದಳು.

ಮಳೆಗಾಲದಲ್ಲಿ ಅಕ್ಕೋರು ಸತ್ತ ಸುದ್ದಿ ಬಂತು. ಕಣ್ಣು ಮೈ ಹಳದಿಯಾಗುವ ಕಾಮಣಿ ಆಗಿ, ಊರಿನ ಔಷಧಿ ಕುಡಿಸುತ್ತ ದಿನ ಕಳೆದು, ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೈ ಮೀರಿತ್ತಂತೆ. ಆಯಿ ಮೊರ ಬದಿಗಿಟ್ಟು ಗೋಡೆಗೆ ಒರಗಿದಳು. "ಹೇಳಿದ್ದೆ ನಾ" ಎಂದಳು, ಅಷ್ಟೇ. ನನ್ನನ್ನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಗೆ ಯಾರ ಬಾಯಿಗೂ ಈ ಮಾತು ಬೀಳದಂತೆ ಅವಳೇ ಕಾಪಾಡಿದಳು, ಅದೂ ನಿಜ. ಆದರೆ ಅಂದಿನಿಂದ ಮನೆಯಲ್ಲಿ ಏನಾದರೂ ಚೆಂದದ್ದು ಕಂಡರೆ ಎಲ್ಲರ ಕಣ್ಣು ಮೊದಲು ನನ್ನ ಬಾಯಿಯ ಮೇಲೆ. ಆ ಬೇಸಿಗೆಯಲ್ಲೇ ಮದುವೆಯಾಗಿದ್ದ ಅತ್ಯಾ ಮರುವರ್ಷ ಬಾಣಂತನಕ್ಕೆ ಬಂದಾಗ ತೊಟ್ಟಿಲಿನ ಹತ್ತಿರ ಹೋದರೆ, ಮೊದಲು ಹೊಟ್ಟೆ ಹಿಡಿದು ನಕ್ಕಿದ್ದ ಅದೇ ಅತ್ಯಾ, "ನೋಡು, ಆದ್ರ ಏನೂ ಅನಬ್ಯಾಡವಾ" ಎಂದು ಕೈ ಮುಗಿದಳು. ಹದಿಮೂರು ವರ್ಷದ ಹುಡುಗಿ ನಾನು, ನನ್ನ ನಾಲಿಗೆಯಲ್ಲಿ ವಿಷ ಇದೆಯೇ ಎಂದು ಕನ್ನಡಿಯಲ್ಲಿ ಹೊರಚಾಚಿ ನೋಡಿಕೊಂಡಿದ್ದೇನೆ. ಒಂದು ಮಧ್ಯಾಹ್ನ ಆಯಿ, ಅವ್ವ ಬೀಡಿ ಕೊಡಲು ಹೋಗಿ ಅತ್ಯಾ ನಿದ್ದೆ ಹೋದಾಗ ತೊಟ್ಟಿಲಿಗೆ ಬಗ್ಗಿ ಆ ಕೂಸಿನ ಕಿವಿಯಲ್ಲಿ ಹೇಳಿಯೇಬಿಟ್ಟೆ: ಭಾಳ ಚಂದ ಅದಿ. ಆಮೇಲೆ ಒಂದು ತಿಂಗಳು ಅದು ಸೀನಿದರೂ ಓಡಿಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ. ಆ ಕೂಸು ಈಗ ಹೈಸ್ಕೂಲಿನಲ್ಲಿ ಓದುತ್ತಿದೆ, ಕಲ್ಲು ತಿಂದರೂ ಅರಗಿಸಿಕೊಳ್ಳುವಂತಿದೆ, ಮನೆಯವರ ತಲೆ ತಿನ್ನುತ್ತಿದೆ.

ಆ ಮನೆ ಈಗಿಲ್ಲ. ಆಯಿ ಎದೆಯ ಬೇನೆಯಿಂದ ಹೋದಳು. ಕೊನೆಯ ದಿನಗಳಲ್ಲಿ ಅವಳ ಕಾಲು ಒತ್ತುತ್ತ, "ಆಯಿ, ನೀ ಕಟ್ಟಿದ್ದ ಬೀಡಿ ಎಲ್ಲಾರಕಿಂತ ಚೊಲೊ ಇರತಿದ್ದವು" ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ, "ಬಾಯಿ ಮುಚ್ಚು, ಹಡಶಿ" ಎಂದಳು, ಆದರೆ ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಅತ್ಯಾ ಗಂಡನ ಜೊತೆ ಇಚಲಕರಂಜಿಗೆ ಹೋದಳು. ಜಾಗ ಪಾಲಾಗಿ, ಹೆಂಚು ಇಳಿದು, ಅಲ್ಲಿ ಈಗ ಮೊಬೈಲ್ ಅಂಗಡಿಯ ಶಟರ್ ಇದೆ. ಅವ್ವ ನನ್ನ ಜೊತೆ ರಾಯಬಾಗದಲ್ಲಿದ್ದಾಳೆ, ಅಲ್ಲಿ ನನಗೆ ಅಂಚೆ ಕಚೇರಿಯಲ್ಲಿ ಕೆಲಸ. ಬೆಳಗಿನ ಹೊತ್ತು ಸುಮ್ಮನೆ ಕೂತಾಗಲೂ ಅವಳ ಬೆರಳು ಇಲ್ಲದ ಎಲೆಯನ್ನು ಸುತ್ತುತ್ತಿರುತ್ತವೆ.

ಕೆಲಸ ಸಿಕ್ಕ ವರ್ಷ ನಾನು ಅಕ್ಕೋರ ಊರು ಸತ್ತಿಗೆ ಹೋದೆ. ಆಯಿಯ ಮಾತು ಸುಳ್ಳು ಎಂದು ನನಗೆ ಗೊತ್ತಿತ್ತು, ಆದರೆ ಅದನ್ನು ಅವರನ್ನು ಹೆತ್ತ ತಾಯಿಯ ಮುಂದೆ ನಿಂತು ಹೇಳುವ ಧೈರ್ಯ ಇದೆಯೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ. ಅಕ್ಕೋರ ತಾಯಿ ಅಂಗಳದಲ್ಲಿ ಇನ್ನೂ ನಾಲ್ಕು ಹೆಂಗಸರ ಜೊತೆ ಶೇಂಗಾ ಬಿಡಿಸುತ್ತಿದ್ದರು. ನಾನು ನೀರೂ ಕುಡಿಯದೆ ಎಲ್ಲ ಹೇಳಿಬಿಟ್ಟೆ, ಭಾಷಣ, ನೆದರು, ಘಾಟು ಬಾರದ ಮೆಣಸಿನಕಾಯಿ. "ನಾ ಹೊಗಳಿದ್ದಕ್ಕ ಹಿಂಗಾತು ಅಂತ ನಮ್ಮ ಮನ್ಯಾಗ ಅಂತಿದ್ರು. ನಾ ಒಪ್ಪೂದಿಲ್ಲ ಅವ್ವಾರ. ಆದ್ರೂ ನಿಮಗ ಹೇಳಬೇಕನಸ್ತು" ಎಂದೆ. ಅವರು ಬೊಗಸೆಯ ಕಾಳನ್ನು ಮೊರಕ್ಕೆ ಸುರಿದರು.

"ಕಾಮಣಿ ಆಗಿ ಹೋದ್ಲವ್ವಾ ನನ್ನ ಮಗಳು" ಎಂದರು. "ಮಾತಿಗೆ ಯಾರೂ ಸಾಯೂದಿಲ್ಲ. ಹಾಸಿಗಿ ಹಿಡದಾಗ ಅಕಿ ದಿನಾ ಹೇಳತಿದ್ಲು, ಒಂದ ಹುಡುಗಿ ಊರ ಮುಂದ ನಿಂತು ನಂದ ಪಾಠ ಮುಟ್ಟೈತಿ ಅಂತ ಅಂದ್ಲು ಅಂತ. ಪೂರಾ ಏನಂದ್ಲು ಅಂತ ನನಗ ನೆನಪ ಉಳದಿಲ್ಲ." ಆಮೇಲೆ ಉಡಿಯ ಸಿಪ್ಪೆ ಕೊಡವಿ, ಉಳಿದ ಹೆಂಗಸರಿಗೆ ಸುಮ್ಮನಿರಲು ಕೈಸನ್ನೆ ಮಾಡಿ, ನನ್ನ ಕಡೆ ತಿರುಗಿದರು. "ಈಗ ಹೇಳು. ಕುಂತ ಹೇಳಬ್ಯಾಡ, ಅವತ್ತ ನಿಂತ ಹೇಳಿದ್ದಿಲ್ಲ?"

ನಾನು ಎದ್ದು ನಿಂತೆ. ಮೊದಲ ಮಾತು ಮೆಲ್ಲಗೆ ಬಂತು. "ನನಗ ಒಂದ ಕಿವಿ ಕೇಳೂದಿಲ್ಲ, ಜೋರ್ಲೆ ಹೇಳವ್ವಾ" ಎಂದರು ಅವರು. ನಾನು ಮೊದಲಿನಿಂದ, ಓಣಿಗೆಲ್ಲ ಕೇಳುವಂತೆ ಹೇಳಿದೆ. ಅಂದು ಅರ್ಧಕ್ಕೆ ನಿಂತುಹೋಗಿದ್ದನ್ನೂ ಪೂರ್ತಿ ಹೇಳಿ ಮುಗಿಸಿದೆ.