ಹಿಗ್ಗಿದ ಟೇಪು

ನಮ್ಮ ಬೀದಿಯ ಕಾಮ್ರೇಡ್ ಟೈಲರ್ ಹತ್ತಿರ ಪ್ಯಾಂಟಿನ ಸೊಂಟ ಸಡಿಲಿಸಲು ಹೋದರೂ ಸಮಾಜವಾದ ಕೇಳದೆ ಹೊರಗೆ ಬರುವಂತಿಲ್ಲ. "ಸ್ವಲ್ಪ ಬಿಚ್ಚಿ ಸರಿಮಾಡಿ ಅಂತೀರಲ್ಲ, ನೀವು ಸುಧಾರಣಾವಾದಿ. ವೋಟು ಹಾಕಿ, ಕಾನೂನು ತಂದು, ಒಂದೊಂದೇ ಹೊಲಿಗೆ ಬಿಚ್ಚೋ ಪೈಕಿ. ಪೂರ್ತಿ ಹರಿದು ಹೊಸದಾಗಿ ಹೊಲಿಯೋಣ ಅನ್ನೋನು ಕ್ರಾಂತಿಕಾರಿ" ಎನ್ನುತ್ತಾರೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ತಾವು ಯಾವ ಪೈಕಿ ಎಂದು ಕೇಳಿದರೆ, "ನಮ್ಮದು ಸಹಕಾರಿ ಪಂಥ. ಹೊಲಿಯೋರದ್ದೇ ಮಷಿನ್ನು" ಎಂದು ಎದೆಯುಬ್ಬಿಸುತ್ತಾರೆ. ಅಂಗಡಿಯ ನಾಲ್ವರಿಗೂ ಮಷಿನ್ನುಗಳಲ್ಲಿ ಪಾಲಿದೆ; ಯಾರಾದರೂ ಕತ್ತರಿ ಹಿಡಿದು "ಇದು ನನ್ನದು" ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. "ಓನರ್ರೇ" ಎಂದು ಕರೆದವರ ಕಡೆ ತಿರುಗಿಯೂ ನೋಡುವುದಿಲ್ಲ. ಇವರ ಸಮಾನತೆಯನ್ನು ಕಣ್ಣಾರೆ ನೋಡಬೇಕಾದರೆ ಸಂಜೆ ಚಹಾದ ಹೊತ್ತಿಗೆ ಹೋಗಬೇಕು. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಕೊರಳಲ್ಲಿ ನೇತಾಡುವ ಟೇಪು ಹಿಡಿದು ಅಳೆದು ನಾಲ್ಕು ಪಾಲು ಮಾಡುತ್ತಾರೆ. ಸೀಮೆಸುಣ್ಣದ ಗೆರೆ ಎಳೆಯುವುದೊಂದೇ ಬಾಕಿ. ಆದರೂ ಈಗಷ್ಟೇ ಬಾಣಂತನ ಮುಗಿಸಿ ಬಂದಿರುವ, ಗುಂಡಿ ಹಚ್ಚುವ ಅಕ್ಕನ ಪಾಲು ದಿನವೂ ಎರಡು ಬೆರಳು ದೊಡ್ಡದು, ಕಾಮ್ರೇಡರದು ಎರಡು ಬೆರಳು ಚಿಕ್ಕದು. "ಇದೇನಣ್ಣ, ಸಮಾನತೆ ಎಲ್ಲಿ ಹೋಯ್ತು?" ಎಂದು ಇಸ್ತ್ರಿಯವನು ರೇಗಿಸಿದರೆ, "ಟೇಪು ಹಳೇದಪ್ಪ, ಹಿಗ್ಗಿಬಿಟ್ಟಿದೆ" ಎಂದು ಗೊಣಗಿ ಚಹಾದ ಲೋಟದಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಅದೇ ಟೇಪಿನಲ್ಲಿ ಅಳೆದು ಅವರು ಹೊಲಿದ ಅಂಗಿ ಇವತ್ತಿನವರೆಗೆ ಯಾರಿಗೂ ಒಂದು ಕೂದಲೆಳೆಯಷ್ಟೂ ದೊಗಳೆಯಾಗಿಲ್ಲ.