ಹೊಸದುರ್ಗ ಯಾವ ರಾಜ್ಯದಲ್ಲಿದೆ?

ಆಕ್ಟೋಪಸ್‌ಗೆ ಮೂರು ಹೃದಯ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್. ಜಿರಾಫೆಯ ಅಷ್ಟುದ್ದ ಕತ್ತಿನಲ್ಲೂ ನಮ್ಮ ಹಾಗೆ ಏಳೇ ಮೂಳೆ. ಇವನ್ನೆಲ್ಲ ನಾನು ಕಲಿತದ್ದು ಗ್ರಂಥಾಲಯದಲ್ಲಲ್ಲ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಕೊಟ್ಟ ಹಳೆಯ ಪೇಪರುಗಳಲ್ಲಿ. ತಿಂದು ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದುತ್ತಿದ್ದೆ. ಎಣ್ಣೆ ಹಿಡಿದ ಕಡೆ ಅಕ್ಷರ ಕಾಣದಿದ್ದರೆ ಉಳಿದದ್ದನ್ನು ನಾನೇ ಊಹಿಸಿ ತುಂಬಿಕೊಳ್ಳುತ್ತಿದ್ದೆ. ಹೀಗೆ ಬೆಳೆದ ಜ್ಞಾನವನ್ನು, ಹೊಸದುರ್ಗದಲ್ಲಿ ನಾನು ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹುಡುಗ ಹುಡುಗಿಯರಿಗೆ ಬೇಡವೆಂದರೂ ಹಂಚುತ್ತಿದ್ದೆ. ಕೀಲಿ ಕುಟ್ಟುವ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ ಎಂಬುದು ನನಗೆ ಬಹಳ ಕಾಲ ಹೊಳೆಯಲಿಲ್ಲ.

ಮನೆಯಲ್ಲಿ ಮಾತ್ರ ಎಲ್ಲ ಕೇಳಿಸುತ್ತಿತ್ತು. ನನ್ನ ಹೆಂಡತಿ ಹಿರಿಯೂರು ಕಡೆಯ ಹರಿಯಬ್ಬೆಯವಳು, ಮಾತಿಗೆ ತಡಕಾಡುವ ಪೈಕಿ ಅಲ್ಲ. ಬದನೆಕಾಯಿ ಪಲ್ಯ ಬಡಿಸುತ್ತಿದ್ದಾಗ, ಸಸ್ಯಶಾಸ್ತ್ರದ ಪ್ರಕಾರ ಇದು ಹಣ್ಣಿನ ಲೆಕ್ಕ ಎಂದು ತಿಳಿಸಿದೆ.

"ಹಂಗಾದ್ರೆ ಹಸೀದೇ ತಿನ್ರಿ. ನಾನ್ಯಾಕೆ ಒಗ್ಗರಣೆ ಹಾಕ್ಲಿ?" ಎಂದಳು.

ಸೂರ್ಯ ಮುಳುಗುವುದಿಲ್ಲ, ತಿರುಗುವುದು ಭೂಮಿ ಎಂದು ಇನ್ನೊಂದು ಸಂಜೆ ವಿವರಿಸಿದೆ. "ಮುಳುಗದಿದ್ರೆ ಲೈಟ್ ಯಾಕೆ ಹಾಕಿದ್ರಿ?" ಎಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಹೇಳಿದ್ದು ಸರಿ ಎಂದು ಅವಳು ಒಮ್ಮೆಯೂ ಒಪ್ಪಿರಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಟಿ.ವಿ.ಯ ಕ್ವಿಜ್ ಕಾರ್ಯಕ್ರಮಕ್ಕೆ ಹೆಸರು ಕಳಿಸಿದ್ದು ಬಹುಮಾನದ ಆಸೆಗಲ್ಲ. ನಾಡಿನ ಜನರೆಲ್ಲ ಚಪ್ಪಾಳೆ ತಟ್ಟಿದರೆ ಇವಳೂ ಒಪ್ಪಲೇಬೇಕಾದೀತು ಎಂಬ ದುರಾಸೆಗೆ.

ಆಯ್ಕೆ ನಡೆದದ್ದು ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ. ವಾಣಿವಿಲಾಸ ಸಾಗರವನ್ನು ಯಾವ ನದಿಗೆ ಕಟ್ಟಿದ್ದಾರೆ ಎಂದು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ ವೇದಾವತಿ ಎಂದೆ. ಆ ನೀರು ಕುಡಿಯುವ ಯಾರಿಗೂ ಗೊತ್ತಿರುವ ಸಂಗತಿ ಅದು. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಅದನ್ನೇ ಹೇಳಿಕೊಂಡು ಬಂದೆ. ಹೊಸದುರ್ಗದ ಟಿಕೆಟ್ ತೆಗೆದಿದ್ದ ಅವರು ಹೊಳಲ್ಕೆರೆಯಲ್ಲೇ ಇಳಿದು ಮುಂದಿನ ಬಸ್ಸಿಗೆ ಕಾಯುತ್ತ ನಿಂತರು.

ಉತ್ತರ ತಿಳಿಯದಿದ್ದಾಗ ಫೋನಿನಲ್ಲಿ ಕೇಳಲು ತಿಳಿದವರೊಬ್ಬರ ನಂಬರ್ ಕೊಡಿ ಎಂದು ಕಾರ್ಯಕ್ರಮದವರು ಕೇಳಿದ್ದರು. ನನಗಿಂತ ತಿಳಿದವರು ತಾಲ್ಲೂಕಿನಲ್ಲಿ ಯಾರಿದ್ದಾರೆ ಎಂದು ಬಹಳ ಯೋಚಿಸಿದೆ. ಯಾರೂ ಹೊಳೆಯದೆ ಮನೆಯ ನಂಬರ್ ಕೊಟ್ಟೆ.

ಬೆಂಗಳೂರಿನ ಸ್ಟುಡಿಯೋದಲ್ಲಿ ಮುಖಕ್ಕೆ ಪೌಡರ್ ಬಳಿದು ಕೂರಿಸಿದರು. ಮೊದಲ ಪ್ರಶ್ನೆಗಳು ಸಲೀಸಾಗಿ ಮುಗಿದವು. ಕಾಲ ಮೇಲೆ ಕಾಲು ಹಾಕಿಕೊಳ್ಳುವಷ್ಟು ಧೈರ್ಯ ಬಂತು. ಆಗ ಪರದೆಯ ಮೇಲೆ ಮುಂದಿನ ಪ್ರಶ್ನೆ ಮೂಡಿತು. ಹೊಸದುರ್ಗ ಕೋಟೆ ಯಾವ ರಾಜ್ಯದಲ್ಲಿದೆ? ಕೆಳಗೆ ಗೋವಾ, ತಮಿಳುನಾಡು, ಕೇರಳ, ಆಂಧ್ರಪ್ರದೇಶ ಎಂದು ನಾಲ್ಕು ಆಯ್ಕೆಗಳು.

ನಾನು ನಕ್ಕೆ. "ಸಾರ್, ಪ್ರಶ್ನೆ ತಪ್ಪಿದೆ," ಎಂದೆ. "ನಾನು ಹೊಸದುರ್ಗದಲ್ಲೇ ಬಸ್ ಹತ್ತಿ ಬಂದವನು. ಹಿರಿಯೂರಿನಲ್ಲಿ ಟೀ ಕುಡಿದೆ. ಎಲ್ಲೂ ಗಡಿ ದಾಟಲಿಲ್ಲ."

ಸಭೆ ಗೊಳ್ಳೆಂದಿತು. ಅವರೆಲ್ಲ ನನ್ನ ಪರವಾಗಿ ನಗುತ್ತಿದ್ದಾರೆಂದು ತಿಳಿದು ನಾನು ಇನ್ನಷ್ಟು ಉಬ್ಬಿದೆ. ನಮ್ಮೂರ ಬೆಟ್ಟದ ಮೇಲಿನ ಕೋಟೆಯನ್ನು ಕೈಯಾಡಿಸಿ ವರ್ಣಿಸಿದೆ. ನಿರೂಪಕರು ತಾಳ್ಮೆಯ ಮನುಷ್ಯ. "ಆಯ್ಕೆಗಳನ್ನು ಇನ್ನೊಮ್ಮೆ ನೋಡಿ. ಬೇಕಿದ್ದರೆ ಫೋನ್ ಮಾಡಬಹುದು," ಎಂದರು. ಫೋನೇ ಮಾಡಿ, ಸಾಕ್ಷಿ ಸಮೇತ ತೋರಿಸುತ್ತೇನೆ ಎಂದೆ.

ಹೆಂಡತಿ ಎತ್ತಿದಳು. "ನಮ್ಮ ಹೊಸದುರ್ಗ ಯಾವ ರಾಜ್ಯದಲ್ಲಿದೆ? ಎಲ್ಲರಿಗೂ ಕೇಳೋ ಹಾಗೆ ಹೇಳು," ಎಂದೆ.

ಆ ಕಡೆಯಿಂದ ಗಾಬರಿಯ ದನಿ. "ಯಾಕ್ರೀ, ತಲೆ ತಿರುಗ್ತಾ ಐತಾ? ಊಟ ಮಾಡಿದ್ರಾ?"

"ಊಟ ಆಯ್ತು. ರಾಜ್ಯ ಹೇಳು."

"ಮೊದ್ಲು ಕುಂತ್ಕಳ್ರಿ. ಪಕ್ಕದಾಗೆ ಯಾರಾದ್ರೂ ಇದ್ರೆ ಅವರ ಕೈಗೆ ಫೋನ್ ಕೊಡ್ರಿ."

ಸಮಯ ಮುಗಿದು ಫೋನ್ ಕಡಿಯಿತು. ಉತ್ತರ ಹೇಳುವ ಸಮಯವೂ ಮುಗಿಯಿತು. ಸರಿಯಾದ ಉತ್ತರ ಕೇರಳ ಎಂದು ನಿರೂಪಕರು ತಿಳಿಸಿದರು. ಅಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಂದು ಹೊಸದುರ್ಗವಿದೆಯಂತೆ, ಅದಕ್ಕೂ ಒಂದು ಕೋಟೆಯಿದೆಯಂತೆ. ಆಕ್ಟೋಪಸ್‌ನ ಹೃದಯಗಳನ್ನು ಎಣಿಸಿಟ್ಟುಕೊಂಡಿದ್ದ ನನಗೆ ನಮ್ಮೂರ ಹೆಸರಿನ ಇನ್ನೊಂದು ಊರು ಇರುವುದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಯಾವುದಾದರೊಂದನ್ನು ಒತ್ತಿದ್ದರೂ ಗೆಲ್ಲುವ ಸಾಧ್ಯತೆಯಿತ್ತು. ಅಳು ಬರುವಷ್ಟು ನಾಚಿಕೆಯಾಯಿತು.

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿ ನಿಂಬೆಹಣ್ಣಿನ ಶರಬತ್ತು ಹಿಡಿದು ಕಾಯುತ್ತಿದ್ದಳು. ನನಗೆ ನಿಜವಾಗಿಯೂ ತಲೆ ಸುತ್ತಿತ್ತು ಎಂದೇ ಅವಳು ನಂಬಿದ್ದಳು. ಕುಡಿದೆ. ಸೋತೆನೆಂದು ಹೇಳಲು ಎಷ್ಟು ಸಲ ಬಾಯಿ ತೆರೆದರೂ ಮಾತು ಬೇರೆ ಕಡೆ ಹೊರಳುತ್ತಿತ್ತು.

ಕಾರ್ಯಕ್ರಮ ಪ್ರಸಾರವಾದ ದಿನ ನಮ್ಮ ಬೀದಿಯವರೆಲ್ಲ ನಮ್ಮನೆಯ ಟಿ.ವಿ. ಮುಂದೆ ಸೇರಿದರು. ನಾನು ಬಾಗಿಲ ಹತ್ತಿರ ಕೂತೆ, ತಪ್ಪಿಸಿಕೊಳ್ಳಲು ಅನುಕೂಲವಾಗಲಿ ಎಂದು. "ತಲೆ ತಿರುಗ್ತಾ ಐತಾ?" ಎಂದು ಹೆಂಡತಿಯ ದನಿ ಟಿ.ವಿ.ಯಿಂದ ಬಂದದ್ದೇ ತಡ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರುಮನೆಯ ಗಾದಿ ಅಂಗಡಿ ಸಾಹೇಬರು ಕಣ್ಣೊರೆಸಿಕೊಳ್ಳುತ್ತ, "ಏನಪ್ಪ ಮೇಷ್ಟ್ರೇ, ನಾವೆಲ್ಲ ಯಾವಾಗಿಂದ ಕೇರಳದೋರಾದ್ವಿ?" ಎಂದರು. ನಗು ಇನ್ನೂ ಜೋರಾಯಿತು.

ಹೆಂಡತಿ ಎದ್ದು ಟಿ.ವಿ.ಗೆ ಅಡ್ಡಲಾಗಿ ನಿಂತಳು. ಅವಳ ಮುಖ ಕೆಂಪಾಗಿತ್ತು.

"ಯಾಕ್ರೀ ಸಾಹೇಬ್ರೇ ನಗ್ತೀರಿ? ಊರು ಇಲ್ಲೇ ಐತೆ, ಕೋಟೆನೂ ಇಲ್ಲೇ ಐತೆ, ಬೇಕಾದ್ರೆ ಎದ್ದು ಹೊರಗೆ ನೋಡ್ರಿ. ಇದ್ದದ್ದು ಇದ್ದಂಗೆ ಹೇಳ್ಯಾರೆ ನಮ್ಮನೆಯೋರು. ಟಿ.ವಿ.ಯೋರಿಗೇ ತಿಳೀಲಿಲ್ಲ."

ಅವಳು ನನ್ನ ಕಡೆ ತಿರುಗಿ, "ಅಲ್ವೇನ್ರೀ?" ಎಂದಳು.

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ, ಹೊಸದುರ್ಗಗಳು ಎರಡಿವೆ, ಕರ್ನಾಟಕ ಆಯ್ಕೆಯಲ್ಲಿಲ್ಲದ ಮೇಲೆ ಕೇರಳವೇ ಸರಿ ಎಂದು ವಿವರಿಸುವ ವಾಕ್ಯ ನನ್ನ ಗಂಟಲವರೆಗೆ ಬಂದಿತ್ತು.

"ಹೌದು," ಎಂದೆ.