ಮೀನಿನ ರಕ್ತ

ದೊಡ್ಡಮ್ಮನ ಎಡಗೈ ಹೆಬ್ಬೆರಳಿಗೆ ತುದಿ ಇರಲಿಲ್ಲ. ಭಟ್ಕಳದ ಮೀನು ಪೇಟೆಯಲ್ಲಿ ಒಂದು ದಿನ ಮೀನಿನ ಜೊತೆ ಅದನ್ನೂ ಕೊಯ್ದುಕೊಂಡಳು. ಸೆರಗಿನ ಚಿಂದಿ ಸುತ್ತಿ, ಗಿರಾಕಿಯ ಬಂಗಡೆ ಪೂರ್ತಿ ಕೊಯ್ದುಕೊಟ್ಟೇ ಎದ್ದಳು. ತೂಕದಲ್ಲಿ ಮೋಸ ಎಂದವನ ಕೆನ್ನೆಗೆ ಮೀನಿನಿಂದಲೇ ಬಾರಿಸಿದ್ದನ್ನೂ ನಾನು ಕಂಡಿದ್ದೇನೆ. ಅವಳ ತಂಗಿ, ನನ್ನ ತಾಯಿ, ಸತ್ತ ಮೇಲೆ ನನ್ನನ್ನು ತೆಂಗಿನಗುಂಡಿಯ ಮನೆಯಲ್ಲಿ ಸಾಕಿದವಳು ಅವಳೇ. ಅವಳ ಪ್ರೀತಿಯೂ ಪೆಟ್ಟಿನ ಜಾತಿಯದೇ.

ಹದಿನೈದಕ್ಕೆ ಮದುವೆ, ಆರು ಹೆರಿಗೆ, ಬಾಯಲ್ಲಿ ಸದಾ ಹೊಗೆಸೊಪ್ಪು ಹಾಕಿದ ಎಲೆಯಡಿಕೆಯ ಕವಳ. ಬೋಟಿಗೆ ಹೋಗುತ್ತಿದ್ದ ದೊಡ್ಡಪ್ಪ ಊರಿಗೆ ಬಂದಾಗಲೆಲ್ಲ ಹೊಡೆಯುತ್ತಿದ್ದ. ಮುಟ್ಟು ನಿಂತ ನಾಲ್ಕು ವರ್ಷದ ಮೇಲೆ ಅವಳ ಸೀರೆಯಲ್ಲಿ ರಕ್ತ ಕಾಣತೊಡಗಿತು. ಮೀನು ಕೊಯ್ಯುವವಳ ಸೀರೆಯ ರಕ್ತವನ್ನು ಯಾರು ಕೇಳುತ್ತಾರೆ? "ಮೀನಿಂದು" ಎನ್ನುತ್ತಿದ್ದಳು. ವರ್ಷವಿಡೀ ಆ ಸೀರೆಗಳನ್ನು ಒಗೆದವಳು ನಾನು. ನನ್ನ ದಡ್ಡತನಕ್ಕೆ ಇವತ್ತಿಗೂ ಮೈ ಉರಿಯುತ್ತದೆ.

ಪೇಟೆಯಲ್ಲೇ ಕುಸಿದು ಬಿದ್ದ ದಿನ ಹೊನ್ನಾವರದ ಆಸ್ಪತ್ರೆಗೆ ಒಯ್ದೆವು. ಗರ್ಭಕಂಠದ ಕ್ಯಾನ್ಸರ್. ಗಂಡ ಹೆಂಡಿರ ಕೂಟದಿಂದ ಬರುವ ವೈರಸ್ಸು ಒಳಗೇ ಉಳಿದು ವರ್ಷಗಟ್ಟಲೆ ಬೆಳೆಸಿದ್ದು ಇದು; ಹೊಗೆಸೊಪ್ಪು, ಮೇಲಿಂದ ಮೇಲೆ ಹೆರಿಗೆ ಅದಕ್ಕೆ ಬಲ ಕೊಡುತ್ತವೆ ಎಂದರು ಡಾಕ್ಟರಮ್ಮ.

"ನಮ್ಮವ್ವ, ಇವಳವ್ವ, ಇಬ್ರೂ ಹೀಂಗೇ ಹೋದ್ರು. ರಕ್ತದಲ್ಲೇ ಬಂತಾ?" ಎಂದಳು ದೊಡ್ಡಮ್ಮ.

"ಮನೆತನದ್ದೂ ಸ್ವಲ್ಪ ಪಾಲು ಇರಬಹುದು. ಆದರೆ ಹಣೆಬರಹ ಅಲ್ಲ. ಉಳಿದ ಹೆಂಗಸರು ಬೇಗ ಪರೀಕ್ಷೆ ಮಾಡಿಸಿ."

ಸುದ್ದಿ ಕೇಳಿದ ದೊಡ್ಡಪ್ಪ ಅಂಗಳದಲ್ಲೇ ಅವಳ ಹೊಟ್ಟೆಗೆ ಒದ್ದ. "ಯಾರ ಹತ್ರ ತಂದ್ಯೇ ಈ ರೋಗ?"

ಬಿದ್ದವಳು ಎದ್ದದ್ದು ಮೀನಿನ ಕತ್ತಿಯ ಜೊತೆ. ಅವನನ್ನು ಗೋಡೆಗೆ ಒತ್ತಿ ಕುತ್ತಿಗೆಗೆ ಕತ್ತಿ ಇಟ್ಟಳು. "ನಾ ಕಂಡ ಗಂಡ್ಸು ನೀ ಒಬ್ನೇ. ಈಗ ನೀ ಹೇಳು, ಎಲ್ಲಿಂದ ತಂದೆ?" ಕತ್ತಿಯಂಚಿನಲ್ಲಿ ರಕ್ತ ಜಿನುಗಿತು. ಅವನು ಉಚ್ಚೆ ಹೊಯ್ದುಕೊಂಡ. ಆಮೇಲೆ ಅವಳ ಮೇಲೆ ಕೈ ಎತ್ತಲಿಲ್ಲ.

ಮರುವಾರ ನನ್ನ ಸರದಿ. ನನಗಾಗ ಮೂವತ್ತೆರಡು, ಇಬ್ಬರು ಮಕ್ಕಳು, ಅದೇ ಮನೆ, ಪೇಟೆಯಲ್ಲಿ ಅದೇ ಮೀನಿನ ಕೆಲಸ. ಕವಳ ಕಲಿತದ್ದು ಅವಳಿಂದಲೇ. ಒಣಗಲು ಹಾಕಿದ್ದ ನನ್ನ ಲಂಗದ ಕಲೆ ನೋಡಿ, "ಎಂತದೇ ಇದು?" ಎಂದಳು.

"ಮೀನಿಂದು."

ಕೆನ್ನೆಗೆ ಬಿದ್ದ ಏಟಿಗೆ ಬಾಯಲ್ಲಿದ್ದ ಕವಳ ಗೋಡೆಗೆ ಹಾರಿತು. "ಆ ಸುಳ್ಳು ಹುಟ್ಟಿಸ್ದವ್ಳೇ ನಾನು. ನಂಗೇ ಮಾರ್ತ್ಯೇನೇ?"

ಜಡೆ ಹಿಡಿದು ಬಸ್ಸಿಗೆ ಹತ್ತಿಸಿದಳು, ಹೊನ್ನಾವರದವರೆಗೂ ಬಿಡಲಿಲ್ಲ. ನನ್ನ ಗರ್ಭಕಂಠದ ಕೋಶಗಳು ಕೆಡತೊಡಗಿದ್ದವು, ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಸುಟ್ಟು ತೆಗೆದರು. ಅವಳದ್ದು ಕೈಮೀರಿತ್ತು. ಎಂಟು ತಿಂಗಳು ನರಳಿ, ಬೈಯುತ್ತಲೇ ಹೋದಳು.

ಹನ್ನೊಂದನೆಯ ದಿನ ಎಡೆಗೆ ಬಂಗಡೆ ಸಾರು, ಕವಳ ಇಟ್ಟರು. ಅದರೊಳಗಿನ ಹೊಗೆಸೊಪ್ಪು ಕಿತ್ತು ಹಿತ್ತಲಿಗೆ ಎಸೆದೆ. ಹೆಂಗಸರು ಶಾಪ ಹಾಕಿದರು. ಮರುದಿನ ಅವಳ ದೊಡ್ಡ ಮಗಳನ್ನು ಪರೀಕ್ಷೆಗೆ ಕರೆದೆ.

"ನಂಗೆಂತ ಆಗ್ಲಿಲ್ಲ. ನಾ ಬರೂದಿಲ್ಲ."

"ಆತು" ಎಂದೆ. ಅವಳ ಜಡೆ ದೊಡ್ಡಮ್ಮನದರಷ್ಟೇ ದಪ್ಪ. ಮುಷ್ಟಿಗೆ ಎರಡು ಸುತ್ತು ಸುತ್ತಿ ಎಳೆದೆ. ಅವಳು ಕಚ್ಚಿದಳು, ನನ್ನ ಮುಂಗೈಯಲ್ಲಿ ರಕ್ತ ಬಂತು. ಬಸ್ ನಿಲ್ದಾಣದಲ್ಲಿ ಜನ ಸೇರಿದರು. ಹೊನ್ನಾವರ ಬರುವವರೆಗೂ ನಾನು ಬಿಡಲಿಲ್ಲ.